ಸೈಕಲ್ಲಿಗೆ ಹೆಸರು ಬರೆಯುವವಳು

ಪಿರಾಕೋಕಾ ಕಾರ್ಖಾನೆಯ ಸೈಕಲ್ಲು ಕೊಂಡವರಿಗೆ ಅದರ ಮೇಲಿನ ಪೈಪಿನಲ್ಲಿ ತಮ್ಮ ಹೆಸರು ಬರೆಸಿಕೊಳ್ಳುವ ಹಕ್ಕಿತ್ತು. ಬರೆಯುತ್ತಿದ್ದವಳು ಬೆರ್ತಿಲ್ದಾ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಅಳಿಲಿನ ಕೂದಲಿನ ಕುಂಚ, ಅಂಗೈಯಗಲದ ಬಣ್ಣದ ಬಟ್ಟಲು. ಕಿರುಬೆರಳನ್ನು ಪೈಪಿಗೆ ಊರಿ, ಉಸಿರು ಹಿಡಿದು ಎಳೆದಳೆಂದರೆ ಒಂದು ಅಕ್ಷರ. ಸ್ಟಿಕ್ಕರಿನ ಹೆಸರು ಎರಡು ಮಳೆಗಾಲಕ್ಕೆ ಎದ್ದುಬರುತ್ತಿತ್ತು. ಅವಳು ಬರೆದದ್ದು ಸೈಕಲ್ಲು ಗುಜರಿಗೆ ಹೋಗುವಾಗಲೂ ಓದಲಿಕ್ಕೆ ಬರುತ್ತದೆ ಎಂದು ದುಯಿತಾಮಾ ಊರಿನ ಹಳೆ ಸವಾರರು ಹೇಳುತ್ತಿದ್ದರು.

ಬೆರ್ತಿಲ್ದಾಳಿಗೆ ಐವತ್ತೈದು ವರ್ಷ. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಚರ್ಚಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಆದರೂ ತಾನು ಒಂಟಿ ಎಂದು ಅವಳಿಗೆ ಅನಿಸಿದ್ದಿಲ್ಲ. ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ ಪಕ್ಕದ ಮೇಜಿನಲ್ಲಿ ನೋರಾ ಇರುತ್ತಿದ್ದಳಲ್ಲ, ಮಲಗುವವರೆಗಿನ ನಾಲ್ಕು ಗಂಟೆ ಹೇಗೋ ಕಳೆದುಹೋಗುತ್ತಿತ್ತು.

ಆಗ ಕಾರ್ಖಾನೆ ಸಂತೆಪೇಟೆಯ ಹಿಂದೆ, ತಗಡಿನ ಮಾಡಿನ ಕೆಳಗೆ ಇತ್ತು. ಒಂದು ಕಡೆ ವೆಲ್ಡಿಂಗಿನ ಗದ್ದಲ, ಇನ್ನೊಂದು ಕಡೆ ಬಣ್ಣದ ಕೋಣೆ. ನೋರಾಳ ಕೆಲಸ ಪೈಪನ್ನು ಮರಳು ಕಾಗದದಿಂದ ತಿಕ್ಕಿ ನುಣುಪು ಮಾಡಿ ಬೆರ್ತಿಲ್ದಾಳ ಕೈಗೆ ಕೊಡುವುದು. ಕೈಯಷ್ಟೇ ಚುರುಕು ಬಾಯಿ.

"ನಿನ್ನ ಭಾವ ಆ ಹಸು ಮಾರಿದ್ನೇನೇ?" ಎಂದು ಬೆರ್ತಿಲ್ದಾ ಕೇಳುವಳು.

"ಮಾರಿದ. ಎರಡು ಸಲ ಮಾರಿದ."

"ಒಂದೇ ಹಸುನಾ?"

"ಒಂದೇ ಕಣೇ. ಬೆಳಗ್ಗೆ ಒಬ್ಬನಿಗೆ, ಮಧ್ಯಾಹ್ನ ಇನ್ನೊಬ್ಬನಿಗೆ. ಸಂಜೆ ಇಬ್ರೂ ಹಗ್ಗ ಹಿಡ್ಕೊಂಡು ಬಾಗಿಲಿಗೆ ಬಂದ್ರು ನೋಡು..."

ಬೆರ್ತಿಲ್ದಾ ಕುಂಚ ಎತ್ತುತ್ತಿದ್ದಂತೆ ನೋರಾ ಸುಮ್ಮನಾಗುತ್ತಿದ್ದಳು. ಅಕ್ಷರ ಮುಗಿದು ಉಸಿರು ಬಿಟ್ಟೊಡನೆ ನಿಲ್ಲಿಸಿದ ಕಡೆಯಿಂದಲೇ ಮತ್ತೆ ಶುರು. ಇಪ್ಪತ್ತೆರಡು ವರ್ಷ ಅಕ್ಷರಕ್ಕೊಂದು ಮಾತಿನಂತೆ ಹೀಗೇ ನಡೆಯಿತು. ಯಾವ ಸವಾರನಿಗೂ ತನ್ನ ಹೆಸರಿನ ಅಕ್ಷರಗಳ ನಡುವೆ ಯಾರ ಹಸು, ಯಾರ ಜಗಳ, ಯಾರ ಬಸಿರು ಕೂತಿದೆ ಎಂದು ಗೊತ್ತಿರಲಿಲ್ಲ.

ಕಾರ್ಖಾನೆ ಕಟ್ಟಿದ, ಊರೆಲ್ಲ ಗೌರವದಿಂದ ದೋನ್ ಎನ್ನುತ್ತಿದ್ದ ಕುಸ್ತೋದಿಯೊ ಪಿರಾಕೋಕಾ ತೀರಿಕೊಂಡ ಮೇಲೆ ವ್ಯವಹಾರ ಮಗಳು ಯಾನೆತ್ ಕೈಗೆ ಬಂತು. ರಾಜಧಾನಿಯಲ್ಲಿ ಓದಿದವಳು, ಕೆಟ್ಟವಳಲ್ಲ. ಇಷ್ಟು ಕಾಲ ಬೇರೆಯವರ ಅಂಗಡಿಯ ಮೂಲೆಯಲ್ಲಿ ನೇತಾಡಿದ ನಮ್ಮ ಸೈಕಲ್ಲಿಗೆ ನಮ್ಮದೇ ದೊಡ್ಡ ಶೋರೂಮು ಬೇಕು ಎಂದು ಹಠ ಹಿಡಿದಳು. ಊರೊಳಗೆ ಬೇಡ ಎಂದಳು. ಊರಿಂದ ಆರು ಕಿಲೋಮೀಟರು ಆಚೆ, ಗುಡ್ಡದ ಏರು ಶುರುವಾಗುವ ಕಡೆ ಜಾಗ ಹಿಡಿದಳು. ಎದುರಿಗೂ ಹಿಂದೆಯೂ ಆಲೂಗಡ್ಡೆ ಹೊಲ, ಪಕ್ಕದಲ್ಲಿ ಒಂದು ಇಟ್ಟಿಗೆ ಗೂಡು, ಮತ್ತೇನಿಲ್ಲ. ಆದರೆ ಗುಡ್ಡ ಹತ್ತುವ ಸವಾರರೆಲ್ಲ ಅಲ್ಲಿಂದಲೇ ಹೋಗಬೇಕು.

ಶೋರೂಮು ಎದ್ದು ನಿಂತಿತು. ನೆಲದಿಂದ ಮಾಡಿನವರೆಗೂ ಗಾಜು. ಗೋಡೆಯ ತುಂಬ ಸೈಕಲ್ಲು, ಒಂದು ಕಡೆ ಕಾಫಿ ಯಂತ್ರ, ಇನ್ನೊಂದು ಕಡೆ ದೋನ್ ಕುಸ್ತೋದಿಯೊ ಮೊದಲು ಬೆಸೆದ ಫ್ರೇಮು. ನಟ್ಟನಡುವೆ ಒಂದು ಗಾಜಿನ ಕೋಣೆ.

"ದೊನ್ಯಾ ಬೆರ್ತಿಲ್ದಾ, ಇದು ನಿಮ್ಮ ಜಾಗ," ಎಂದಳು ಯಾನೆತ್. "ಜನ ನಿಮ್ಮ ಕೈ ನೋಡ್ಬೇಕು. ಇಂಥ ಕೈ ಇನ್ನೆಲ್ಲಿದೆ?"

"ನೋರಾ ಎಲ್ಲಿ ಕೂರ್ತಾಳೆ?"

"ತಿಕ್ಕೋ ಕೆಲಸದ ಧೂಳು ಇಲ್ಲಿಗಾಗಲ್ಲ. ಅದನ್ನ ಇನ್ಮೇಲೆ ಮಷೀನಲ್ಲಿ ಮಾಡ್ತೀವಿ. ನೋರಾ ಅವ್ರಿಗೆ ಬರಬೇಕಾದ್ದೆಲ್ಲ ಕೊಟ್ಟು ಕಳಿಸ್ತೀವಿ, ಚಿಂತೆ ಬೇಡ."

ಶೋರೂಮು ತೆರೆದ ದಿನ ಪಾದ್ರಿಗಳು ಬಂದು ಸೈಕಲ್ಲುಗಳ ಮೇಲೆ ತೀರ್ಥ ಚಿಮುಕಿಸಿದರು. ಕಾರ್ಖಾನೆಯವರೆಲ್ಲ ಬಸ್ಸು ಮಾಡಿಕೊಂಡು ಬಂದು, ಹುರಿದ ಮಾಂಸ, ಉಪ್ಪು ಆಲೂಗಡ್ಡೆ ತಿಂದು, ಬಿಯರು ಕುಡಿದರು. ನೋರಾ ತನ್ನ ಹೊಸ ಉಣ್ಣೆಯ ರುವಾನಾ ಹೊದ್ದು ಬಂದಿದ್ದಳು. ಗಾಜಿನ ಕೋಣೆಯನ್ನು ಒಂದು ಸುತ್ತು ಸುತ್ತಿ ಹೇಳಿದಳು, "ಬೇಕರಿ ಕಪಾಟಿನಲ್ಲಿ ಕೇಕು ಇಟ್ಟಂಗಿದೆ ಕಣೇ. ನೊಣ ಕೂರದೆ ಇದ್ರೆ ಸಾಕು."

ಅವತ್ತೆಲ್ಲ ನಕ್ಕರು. ಐದಕ್ಕೆ ಬಸ್ಸು ಹೊರಟಿತು. ಮುಂದಿನ ವಾರ ನೋರಾ ತುಂಹಾ ಊರಿಗೆ, ಮಗಳ ಮನೆಗೆ ಹೋದಳು. ಮಗಳಿಗೆ ಮೂರು ಮಕ್ಕಳು, ನೋಡಿಕೊಳ್ಳಲು ಜನ ಬೇಕಿತ್ತು.

ವಾರದ ದಿನಗಳಲ್ಲಿ ಶೋರೂಮಿಗೆ ಜನವೇ ಇಲ್ಲ. ಬೆಳಗ್ಗೆ ಎಂಟರಿಂದ ಹತ್ತರ ತನಕ ಗುಡ್ಡ ಇಳಿದು ಬಂದ ಸವಾರರು ಕಾಫಿ ಕುಡಿದು ಹೋಗುವರು. ಆಮೇಲೆ ಸಂಜೆಯವರೆಗೆ ಗಾಳಿ ಮಾತ್ರ. ಅಂಗಡಿಯ ಉಳಿದ ನಾಲ್ವರು ಎಳೆಯರು, ಮರ್ಯಾದೆಯವರು. "ಕಾಫಿ ಬೇಕೇನಮ್ಮಾ?" ಎಂದು ಗಾಜಿನಾಚೆಯಿಂದ ಕೈಸನ್ನೆಯಲ್ಲಿ ಕೇಳುವರು, ಬೆರ್ತಿಲ್ದಾ ತಲೆಯಾಡಿಸುವಳು, ಅಲ್ಲಿಗೆ ಮುಗಿಯಿತು. ಮಧ್ಯಾಹ್ನ ಅವರು ಹೊರಗಿನ ಬೆಂಚಿನಲ್ಲಿ ಕೂತು ಫೋನು ನೋಡುತ್ತ ಉಣ್ಣುತ್ತಿದ್ದರು. ಅವಳು ಬಣ್ಣದ ಬಟ್ಟಲು ಸರಿಸಿ, ತಂದ ಮೆಕ್ಕೆಜೋಳದ ರೊಟ್ಟಿಯನ್ನು ಅಲ್ಲೇ ತಿನ್ನುವಳು. ಆಗಲೂ ಒಂದೊಂದು ದಿನ ದಾರಿಯಲ್ಲಿ ಹೋಗುವ ಯಾರಾದರೂ ಇಣುಕಿ ಫೋಟೋ ತೆಗೆಯುತ್ತಿದ್ದರು. ರೊಟ್ಟಿ ಬಾಯಲ್ಲಿಟ್ಟುಕೊಂಡು ಎತ್ತ ನೋಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಸುಮಾರು ಒಂದು ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ಒಂದು ಅಕ್ಷರ ಮುಗಿಸಿ ಉಸಿರು ಬಿಟ್ಟವಳು, ಅಭ್ಯಾಸಬಲದಿಂದ, "ನಮ್ಮ ಮೂಲೆ ಮನೆಯವಳು ಮತ್ತೆ ಬಾಡಿಗೆಯವರ ಜೊತೆ ಜಗಳ ಆಡಿದಳು ಕಣೇ" ಎಂದಳು. ಅಂದಮೇಲೆ ಪಕ್ಕಕ್ಕೆ ತಿರುಗಿ ನೋಡಿದಳು. ಗಾಜು. ನಾಚಿಕೆಯಾಯಿತು. ಆದರೆ ಎದೆಗೆ ಹಿತವೂ ಆಯಿತು. ಮಾರನೆಯ ದಿನ ಬೇಕೆಂದೇ ಆಡಿದಳು. ಬರಬರುತ್ತ ರೂಢಿಯಾಯಿತು: ಅಕ್ಷರ, ಮಾತು, ನೋರಾ ಉತ್ತರ ಕೊಡಲು ಒಂದಿಷ್ಟು ಬಿಡುವು, ಮತ್ತೆ ಅಕ್ಷರ. ನೋರಾ ಏನೆನ್ನುತ್ತಾಳೆಂದು ಅವಳಿಗೆ ಹೇಗೂ ಗೊತ್ತಿತ್ತು. ಕೆಲವೊಮ್ಮೆ ನಗುವೂ ಬರುತ್ತಿತ್ತು. ಗಾಜು ದಪ್ಪ, ಹೊರಗೆ ಏನೂ ಕೇಳುವುದಿಲ್ಲವೆಂಬ ಧೈರ್ಯ.

ಕೇಳುತ್ತಿರಲಿಲ್ಲ, ನಿಜ. ಕಾಣುತ್ತಿತ್ತು.

ಜೂನ್ ತಿಂಗಳಲ್ಲಿ ಯಾನೆತ್ ಫೋನು ಹಿಡಿದುಕೊಂಡು ಓಡೋಡಿ ಬಂದಳು. ರಾಜಧಾನಿಯ ಯಾರೋ ಸವಾರ ಬೆರ್ತಿಲ್ದಾಳ ವೀಡಿಯೋ ತೆಗೆದು ಹಾಕಿದ್ದ. ಬಾಗಿದ ತಲೆ, ಕುಂಚ, ಅಕ್ಷರ ಅಕ್ಷರದ ನಡುವೆ ಮೆಲ್ಲನೆ ಆಡುವ ತುಟಿ. ಕೆಳಗೆ ಬರೆದಿದ್ದ: ‘ಪ್ರತಿ ಸೈಕಲ್ಲಿಗೂ ಪ್ರಾರ್ಥನೆ ಮಾಡಿ ಹೆಸರು ಬರೆಯುವ ತಾಯಿ.’ ಲಕ್ಷಗಟ್ಟಲೆ ಜನ ನೋಡಿದ್ದರು.

"ನೀವು ಪ್ರಾರ್ಥನೆ ಮಾಡ್ತೀರಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದಳು ಯಾನೆತ್. ಅವಳ ಕಣ್ಣು ಒದ್ದೆಯಾಗಿತ್ತು. "ಅಪ್ಪ ಇದ್ದಾಗ್ಲೂ ಮಾಡ್ತಿದ್ರಾ?"

ಇಲ್ಲ, ತುಂಹಾದಲ್ಲಿರುವ ನೋರಾ ಜೊತೆ ಹರಟುತ್ತಿದ್ದೆ ಎಂದು ಹೇಳುವುದು ಹೇಗೆ? ತಲೆ ಕೆಟ್ಟಿದೆ ಎಂದುಕೊಂಡಾಳು. ಬೆರ್ತಿಲ್ದಾ "ಹೂಂ" ಎಂದಳು. ಅಷ್ಟೇ. ಆ ಒಂದು ‘ಹೂಂ’ ಅವಳ ಬಾಯಿಂದ ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ.

ಗಾಜಿನ ಮೇಲೆ ಫಲಕ ಬಂತು: ‘ಪ್ರಾರ್ಥನೆಯೊಡನೆ ಬರೆದ ಹೆಸರು.’ ಸವಾರರು ಸಾಲುಗಟ್ಟಿದರು. ಗುಡ್ಡದ ಇಳಿಜಾರಿನಲ್ಲಿ ಗಂಟೆಗೆ ಎಂಬತ್ತು ಕಿಲೋಮೀಟರು ವೇಗದಲ್ಲಿ ಧಾವಿಸುವವರಿಗೆ ದೇವರ ಬಗ್ಗೆ ಉಳಿದವರಿಗಿಂತ ಹೆಚ್ಚು ಭಯ. ಹಳೆ ಸೈಕಲ್ಲನ್ನೂ ತಂದು, "ಅಮ್ಮಾ, ಇದಕ್ಕೂ ಒಂದು ಮಾತು ಹೇಳಿಬಿಡಿ" ಎನ್ನುವರು. ಬೆರ್ತಿಲ್ದಾಳ ಬಾಯಿ ಕಟ್ಟಿಹೋಯಿತು. ನೂರು ಕಣ್ಣು ತುಟಿಯ ಮೇಲಿರುವಾಗ ನೋರಾಳಿಗೆ ಮೂಲೆ ಮನೆಯವಳ ಸುದ್ದಿ ಹೇಳುವುದು ಹೇಗೆ? ಸುಮ್ಮನೆ ಬರೆದಳು. ಆಗ ಗಿರಾಕಿಗಳು ಯಾನೆತ್ ಹತ್ತಿರ ದೂರು ಒಯ್ದರು: ನಮ್ಮದಕ್ಕೆ ಅವರು ಪ್ರಾರ್ಥನೆ ಮಾಡಲಿಲ್ಲ.

ಯಾನೆತ್ ಬಾಗಿಲು ಮುಚ್ಚಿಕೊಂಡು ಒಳಗೆ ಬಂದು, ಹೇಳಲೋ ಬೇಡವೋ ಎಂಬಂತೆ ನಿಂತಳು. "ತಪ್ಪು ತಿಳ್ಕೋಬೇಡಿ. ಮನಸಲ್ಲೇ ಮಾಡ್ತೀರ, ಗೊತ್ತು. ಸ್ವಲ್ಪ ತುಟಿ ಆಡಿಸಿದ್ರೆ ಜನಕ್ಕೆ ಸಮಾಧಾನ."

ಹೀಗಾಗಿ ಅವಳು ತುಟಿ ಆಡಿಸತೊಡಗಿದಳು. ಮೊದಲಿಗೆ ಚಿಕ್ಕಂದಿನಲ್ಲಿ ಕಲಿತ ಪ್ರಾರ್ಥನೆಯನ್ನೇ ಹೇಳಲು ನೋಡಿದಳು. ಬಣ್ಣ, ಕುಂಚ, ಉಸಿರು ಎಲ್ಲ ಒಟ್ಟಿಗೆ ಹಿಡಿಯಲಾಗದೆ ಮಾತು ಅರ್ಧಕ್ಕೇ ತಪ್ಪುತ್ತಿತ್ತು. ಕೈಗೆ ಇಪ್ಪತ್ತೆರಡು ವರ್ಷದ ಹರಟೆಯದ್ದೇ ತಾಳ. ಕೊನೆಗೆ ಬಾಯಿಗೆ ಬಂದದ್ದನ್ನು ಆಡುವಳು, ಆದರೆ ಈಗ ನೋರಾ ಉತ್ತರ ಕೊಡುತ್ತಿರಲಿಲ್ಲ.

ಆಗಸ್ಟಿನಲ್ಲಿ ಒಬ್ಬಳು ಹುಡುಗಿ ಬಂದಳು, ಹತ್ತೊಂಬತ್ತು ವರ್ಷದವಳು. ತೋಕಾ ಕಡೆಯ ಆಲೂಗಡ್ಡೆ ಬೆಳೆಗಾರರ ಮಗಳು, ಗಾಳಿಗೆ ಸುಟ್ಟ ಕೆನ್ನೆ. ವನಿತೆಯರ ರೇಸಿನಲ್ಲಿ ಗೆದ್ದು ಬಂದ ಹಣದಲ್ಲೇ ಸೈಕಲ್ಲು ಕೊಂಡಿದ್ದಳು. ಗಾಜಿನ ಬಾಗಿಲು ತಟ್ಟಿ ಒಳಗೆ ಇಣುಕಿದಳು.

"ಅಮ್ಮಾ, ಬರೀವಾಗ ನಾನು ಹೊರಗೆ ನಿಂತ್ಕೊಂಡಿರ್ಲಾ? ತೊಂದರೆ ಇಲ್ವಲ್ಲ?"

"ನಿಂತ್ಕೋ ಮಗಳೇ. ಹೆಸರೇನು?"

"ದಾಯಾನಾ ತಿಬಾದುಯೀಸಾ. ಪೂರ್ತಿ ಹಿಡಿಸುತ್ತಾ?"

"ನಿನ್ನ ಸೈಕಲ್ಲು ಚಿಕ್ಕದು, ನಿನ್ನ ಹೆಸರು ಉದ್ದ. ಹಿಡಿಸೋದು ನನ್ನ ಕೆಲಸ."

ಹುಡುಗಿ ನಕ್ಕಳು. ಆಮೇಲೆ ಗಾಜಿನಾಚೆ ಹೆಲ್ಮೆಟ್ಟು ತೆಗೆದು, ಕೈ ಜೋಡಿಸಿ, ತಲೆ ತಗ್ಗಿಸಿ ನಿಂತಳು, ಹೆಸರು ಮುಗಿಯುವವರೆಗೂ. ಬೆರ್ತಿಲ್ದಾ ತುಟಿ ಆಡಿಸಿದಳು.

ಅಕ್ಟೋಬರಿನ ಒಂದು ಬೆಳಗ್ಗೆ ಕೆಲಸಕ್ಕೆ ಬರುವ ವ್ಯಾನಿನ ರೇಡಿಯೋದಲ್ಲಿ ದಾಯಾನಾಳ ಹೆಸರು ಕೇಳಿತು. ಗುಡ್ಡದ ಇಳಿಜಾರಿನಲ್ಲಿ ಮಂಜು, ತಿರುವಿನಲ್ಲಿ ಎದುರಿಗೆ ಬಂದ ಹಾಲಿನ ಲಾರಿ. ಬೆರ್ತಿಲ್ದಾಳಿಗೆ ಮುಖ ನೆನಪಾಗುವ ಮೊದಲು ಅಕ್ಷರಗಳು ನೆನಪಾದವು, ಕೊನೆಯ ಅಕ್ಷರವನ್ನು ಹಿಡಿಸಲು ಎಷ್ಟು ಒತ್ತೊತ್ತಾಗಿ ಬರೆಯಬೇಕಾಯಿತು ಎಂಬುದು. ಅವತ್ತು ಮೂರು ಹೆಸರು ಬರೆಯಬೇಕಿತ್ತು. ಒಂದನ್ನೂ ಬರೆಯಲಾಗಲಿಲ್ಲ. ಕೈ ನೋವು ಎಂದಳು.

ನಾಲ್ಕು ದಿನದ ನಂತರ ಒಬ್ಬ ಗಂಡಸು ಬಂದ. ಅರವತ್ತರ ಆಸುಪಾಸು, ಕಂದು ರುವಾನಾ, ಕೈಯಲ್ಲಿ ಟೋಪಿ. ಸೈಕಲ್ಲುಗಳ ಕಡೆ ಕಣ್ಣೆತ್ತಿಯೂ ನೋಡದೆ ನೇರ ಗಾಜಿನ ಕೋಣೆಗೆ ಬಂದು, ಬಾಗಿಲಲ್ಲಿ ನಿಂತ.

"ನಾನು ಅನ್ಸೆಲ್ಮೊ ತಿಬಾದುಯೀಸಾ. ದಾಯಾನಾ ಅಪ್ಪ."

ಬೆರ್ತಿಲ್ದಾ ಎದ್ದು ತನ್ನ ಸ್ಟೂಲನ್ನೇ ಅವನ ಮುಂದಿಟ್ಟಳು. ಅವನು ಕೂರಲಿಲ್ಲ.

"ಜಗಳಕ್ಕೆ ಬಂದಿಲ್ಲ ದೊನ್ಯಾ. ಹೆದರ್ಕೋಬೇಡಿ. ಮನೇಲಿ ಅವಳ ಆತ್ಮಕ್ಕೆ ಒಂಬತ್ತು ದಿನದ ಜಪ ನಡೀತಿದೆ. ಅವಳಮ್ಮ ಒಂದೇ ಹಠ ಹಿಡಿದಿದ್ದಾಳೆ. ನೀವು ಹುಡುಗಿ ಸೈಕಲ್ಲಿಗೆ ಯಾವ ಪ್ರಾರ್ಥನೆ ಹೇಳಿದ್ರೋ ಅದನ್ನೇ ಕೊನೇ ದಿನ ಹೇಳಿಸ್ಬೇಕಂತೆ. ಹುಡುಗಿ ಮನೆಗೆ ಬಂದು ಅದನ್ನೇ ಹೇಳಿಕೊಂಡಿದ್ಲು, ಆ ಅಮ್ಮ ಎಷ್ಟು ಹೊತ್ತು ಪ್ರಾರ್ಥನೆ ಮಾಡಿದ್ರು ಗೊತ್ತಾ, ಅಂತ. ನಂಗೆ ಓದು ಬರಲ್ಲ. ಹೇಳಿದ್ರೆ ಬಾಯಿಪಾಠ ಮಾಡ್ಕೊಂಡು ಹೋಗ್ತೀನಿ."

ಬೆರ್ತಿಲ್ದಾ ಏನಾದರೂ ಒಂದು ಹೇಳಿಬಿಡಬಹುದಿತ್ತು. ಊರಿಗೆ ಹೋಗುವವರ ತಲೆಯ ಮೇಲೆ ಕೈಯಿಟ್ಟು ಅಮ್ಮ ಹೇಳುತ್ತಿದ್ದ ನಾಲ್ಕು ಮಾತು ಅವಳಿಗೆ ಬರುತ್ತಿತ್ತು. ಹೇಳಿದ್ದರೆ ಅವನು ಟೋಪಿ ಹಾಕಿಕೊಂಡು ಹೊರಟುಹೋಗುತ್ತಿದ್ದ. ಆದರೆ ಅವನು ಕಲಿಯಲು ಕೂತ ಶಾಲೆಯ ಹುಡುಗನಂತೆ ಅವಳ ತುಟಿಯನ್ನೇ ನೋಡುತ್ತಿದ್ದ.

"ನಾನು ಪ್ರಾರ್ಥನೆ ಮಾಡ್ಲಿಲ್ಲ ದೋನ್ ಅನ್ಸೆಲ್ಮೊ," ಎಂದಳು.

"ಏನಂದ್ರಿ?"

"ಯಾವತ್ತೂ ಮಾಡಿಲ್ಲ. ನಂಜೊತೆ ಕೆಲಸ ಮಾಡ್ತಿದ್ದ ಗೆಳತಿ ಇದ್ಲು. ಈಗ ಇಲ್ಲಿಲ್ಲ. ಅವಳ ಹತ್ರ ಮಾತಾಡ್ತೀನಿ, ಪಕ್ಕದಲ್ಲಿ ಇದ್ದಾಳೇನೋ ಅನ್ನೋ ಹಾಗೆ. ಜನ ಅದನ್ನ ಪ್ರಾರ್ಥನೆ ಅಂದ್ಕೊಂಡ್ರು. ನಾನು ಅಲ್ಲ ಅನ್ಲಿಲ್ಲ. ಅದು ನನ್ನ ತಪ್ಪು."

ಅವನು ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತಿಸುತ್ತ ಸ್ಟೂಲಿನ ಮೇಲೆ ಕೂತ.

"ಅವತ್ತು ಏನು ಮಾತಾಡ್ತಿದ್ರಿ?"

"ಅದೆಲ್ಲ ಯಾಕೆ ಬಿಡಿ."

"ಹೇಳಿ. ನನ್ನ ಮಗಳು ಕೈ ಮುಗ್ದು ನಿಂತಿದ್ದು ಯಾವ ಮಾತಿಗೆ ಅಂತ ನಂಗೆ ಗೊತ್ತಾಗ್ಬೇಕು."

ಅವಳು ಹೇಳಿದಳು, ತಲೆ ಎತ್ತದೆ. ಒಂದು ವರ್ಷ ಕ್ರಿಸ್‌ಮಸ್ಸಿನ ಊಟಕ್ಕೆಂದು ದೋನ್ ಕುಸ್ತೋದಿಯೊ ಕಾರ್ಖಾನೆಗೆ ಒಂದು ಕುರಿ ತಂದು ಕಟ್ಟಿದ್ದರು. ಬಣ್ಣದ ಕೋಣೆಯ ಹೆಂಗಸರು ಅದಕ್ಕೆ ಮೇಯರ್ ಎಂದು ಹೆಸರಿಟ್ಟರು, ತಿನ್ನೋದು ಬಿಟ್ಟರೆ ಬೇರೆ ಕೆಲಸವಿಲ್ಲ ಅಂತ. ಹೆಸರಿಟ್ಟ ಮೇಲೆ ಕಡಿಯಲು ಯಾರಿಗೂ ಮನಸ್ಸು ಬರಲಿಲ್ಲ. ಅದು ಕೋಣೆಯಲ್ಲೇ ಉಳಿಯಿತು. ಅಂಟುಪಟ್ಟಿ ಎಂದರೆ ಅದಕ್ಕೆ ಪ್ರಾಣ. ಫ್ರೇಮಿಗೆ ಸುತ್ತಿದ್ದನ್ನೆಲ್ಲ ಕಿತ್ತು ತಿನ್ನುತ್ತಿತ್ತು. ಒಮ್ಮೆ ಹಸಿ ಬಣ್ಣಕ್ಕೆ ಮೈ ಉಜ್ಜಿಕೊಂಡು, ಅರ್ಧ ಕೆಂಪು ಅರ್ಧ ಬಿಳಿಯಾಗಿ ಬೀದಿಗೆ ಓಡಿತು. ನೋರಾ ಬೆನ್ನಟ್ಟಿಕೊಂಡು ಹೋದವಳು ಚರ್ಚಿನ ಮೆರವಣಿಗೆಯ ನಡುವೆ ನುಗ್ಗಿ, ಎದುರು ಸಿಕ್ಕ ನಿಜವಾದ ಮೇಯರನ್ನೇ ‘ಮೇಯರನ್ನ ನೋಡಿದ್ರಾ?’ ಎಂದು ಕೇಳಿದಳು.

ಹೇಳಿ ಮುಗಿಸಿದಾಗ ಬೆರ್ತಿಲ್ದಾಳ ಕಣ್ಣಲ್ಲಿ ನೀರಿತ್ತು. ದೋನ್ ಅನ್ಸೆಲ್ಮೊ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಇದನ್ನ ಅವಳಮ್ಮಂಗೆ ಹೇಳಕ್ಕಾಗಲ್ಲ," ಎಂದ.

"ಇಲ್ಲ."

"ನಾನೇ ಏನಾದ್ರೂ ಹೇಳ್ತೀನಿ. ನೀವು ಹೇಳ್ಬೇಡಿ." ಎದ್ದ. ಬಾಗಿಲಿನವರೆಗೆ ಹೋಗಿ ನಿಂತ. "ಆ ಕುರಿ ಕೊನೆಗೆ ಏನಾಯ್ತು?"

"ವಯಸ್ಸಾಗಿ ಸತ್ತೋಯ್ತು. ಹಿತ್ತಲಲ್ಲೇ ಹೂತ್ವಿ."

ಅವನು ತಲೆಯಾಡಿಸಿ, ಟೋಪಿ ಹಾಕಿಕೊಂಡು ಹೋದ. ಗಾಜಿನಿಂದ ಬೆರ್ತಿಲ್ದಾ ನೋಡಿದಳು: ರಸ್ತೆ ದಾಟಿ, ಬಸ್ಸು ನಿಲ್ಲದ ಜಾಗದಲ್ಲಿ ಬಸ್ಸಿಗೆ ಕಾಯುತ್ತ ನಿಂತ. ಎರಡು ಬಸ್ಸು ನಿಲ್ಲದೆ ಹೋದವು. ಮೂರನೆಯದು ಬರುವ ಹೊತ್ತಿಗೆ ಅವನು ನಡೆಯತೊಡಗಿದ್ದ.

ಅಂದೇ ಸಂಜೆ ಯಾನೆತ್ ಬಂದಾಗ ಬೆರ್ತಿಲ್ದಾ ಎಲ್ಲ ಹೇಳಿದಳು. ಬೇರೆಯವರ ಎದುರು ಯಾನೆತ್‌ಗೆ ‘ನೀವು’ ಎನ್ನುತ್ತಿದ್ದವಳು, ಈಗ ಕಾರ್ಖಾನೆಯ ಅಂಗಳದಲ್ಲಿ ತಾನೇ ಮೂಗು ಒರೆಸಿ ಬೆಳೆಸಿದ ಹುಡುಗಿಯೊಡನೆ ಮಾತಾಡುವಂತೆ ಮಾತಾಡಿದಳು.

"ಆ ಫಲಕ ತೆಗಿ ಯಾನೆತ್."

"ತೆಗೀತೀನಿ." ಯಾನೆತ್ ಕಾಫಿ ಲೋಟ ಕೈಯಲ್ಲಿ ಹಿಡಿದು, ಕುಡಿಯದೆ ಕೂತಿದ್ದಳು. "ಮೊದಲೇ ಯಾಕೆ ಹೇಳ್ಲಿಲ್ಲ?"

"ಒಬ್ಬಳೇ ಮಾತಾಡ್ಕೋತೀನಿ ಅಂತ ನಿಂಗೆ ಹೇಗೆ ಹೇಳ್ಲಿ? ನನ್ನ ಹಳೇ ಕೋಣೆಗೆ ಕಳಿಸಿಬಿಡು."

"ಆ ಕೋಣೆ ಈಗಿಲ್ಲ. ಗೋದಾಮಾಯ್ತು."

"ಹಾಗಾದ್ರೆ ನನ್ನ ಮೇಜನ್ನಾದ್ರೂ ತಿರುಗಿಸ್ತೀನಿ. ಬೆನ್ನು ನೋಡೋರು ನೋಡ್ಲಿ."

ಯಾನೆತ್ ಒಪ್ಪಿದಳು. ಅವತ್ತೇ ಇಬ್ಬರೂ ಸೇರಿ ಮೇಜನ್ನೂ ಫ್ರೇಮು ನಿಲ್ಲಿಸುವ ಕಂಬವನ್ನೂ ಹಿಂದಿನ ಕಿಟಕಿಯ ಕಡೆಗೆ ತಿರುಗಿಸಿದರು. ಫಲಕ ಹೋಯಿತು. ಸಾಲೂ ಕರಗಿತು. ವೀಡಿಯೋ ಮಾತ್ರ ಎಲ್ಲೆಲ್ಲೋ ಉಳಿದುಕೊಂಡಿತು. ಅದನ್ನು ತೆಗೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಹೊಲದ ಕಡೆ ಮುಖ ಮಾಡಿ ಬೆರ್ತಿಲ್ದಾ ಬರೆದಳು. ಕೆಲವು ದಿನ ಮಾತಾಡುವಳು, ಕೆಲವು ದಿನ ಇಲ್ಲ.

ಡಿಸೆಂಬರಿನಲ್ಲಿ ನೋರಾ ಫೋನು ಮಾಡಿದಳು. ಹಿನ್ನೆಲೆಯಲ್ಲಿ ಮಕ್ಕಳ ಗಲಾಟೆ, ಟೀವಿ.

"ಬೆರ್ತಿ, ಹೋದ ಶನಿವಾರ ನಿಮ್ಮ ಶೋರೂಮಿಗೆ ಬಂದಿದ್ದೆ ಕಣೇ. ಅಳಿಯನ ಕಾರಲ್ಲಿ ಹೋಗ್ತಾ ಒಂದ್ನಿಮಿಷ ನಿಲ್ಲಿಸ್ದ."

"ಬಂದಿದ್ಯಾ? ನಾನು ಅಲ್ಲೇ ಇದ್ನಲ್ಲೇ."

"ನೀನು ಬೆನ್ನು ಹಾಕ್ಕೊಂಡು ಕೂತಿದ್ದೆ. ಗಾಜು ಬಡಿದೆ, ಕೇಳಿಸ್ಲಿಲ್ವೇನೋ. ಯಾರ ಹತ್ರಾನೋ ಮಾತಾಡ್ತಿದ್ದಂಗಿತ್ತು, ಕೈ ಬೇರೆ ಆಡಿಸ್ತಿದ್ದೆ. ಕೆಲಸದ ಮಾತೇನೋ, ಯಾಕೆ ತೊಂದರೆ ಕೊಡೋದು ಅಂತ ಹೊರಟ್ವಿ. ಅಳಿಯಂದೋ ಒಂದೇ ಅವಸರ."

"ನಿನ್ನ ಹತ್ರಾನೇ ಮಾತಾಡ್ತಿದ್ದೆ," ಎಂದಳು ಬೆರ್ತಿಲ್ದಾ.

ಆ ಕಡೆಯಿಂದ ಮಗು ಕೂಗಿತು, ನೋರಾ ಗದರಿದಳು. ಕೇಳಿಸಿತೋ ಇಲ್ಲವೋ. "ಭಾನುವಾರ ಬಾರೇ ಇಲ್ಲಿಗೆ. ಕಾಳಿನ ಸಾರು ಮಾಡ್ತೀನಿ," ಎಂದಳು.

ಭಾನುವಾರ ಬೆರ್ತಿಲ್ದಾ ಚೀಸಿನ ಬನ್ನು ಕಟ್ಟಿಸಿಕೊಂಡು ತುಂಹಾಕ್ಕೆ ಹೋದಳು. ನೋರಾ ಬಾಗಿಲಲ್ಲೇ ಅಪ್ಪಿಕೊಂಡಳು, ಸ್ವಲ್ಪ ದಪ್ಪಗಾಗಿದ್ದಳು. ಊಟದ ಮೇಜಿನ ಸುತ್ತ ಏಳು ಜನ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಊಟವಾದ ಮೇಲೆ ಅಡಿಗೆಮನೆಯಲ್ಲಿ ಇಬ್ಬರೇ ಉಳಿದರು. ಬಿಸಿ ಬೆಲ್ಲದ ನೀರು ಮುಂದಿಟ್ಟು ನೋರಾ, "ಹೇಳೇ, ಏನು ಸುದ್ದಿ?" ಎಂದಳು.

ಹತ್ತು ತಿಂಗಳ ಸುದ್ದಿ. ಬೆರ್ತಿಲ್ದಾ ಬಾಯಿ ತೆರೆದಳು. ಮೂಲೆ ಮನೆಯವಳ ಜಗಳ, ವೀಡಿಯೋ, ದಾಯಾನಾ, ದೋನ್ ಅನ್ಸೆಲ್ಮೊ. ಎಲ್ಲವನ್ನೂ ಅವಳು ಗಾಜಿನ ಕೋಣೆಯಲ್ಲೇ ಕೂತು ನೋರಾಳಿಗೆ ಆಗಲೇ ಹೇಳಿಯಾಗಿತ್ತು, ಒಂದೊಂದನ್ನೂ ಬಿಡದೆ. ಈಗ ಮತ್ತೆ ಹೇಳಹೊರಟರೆ ಮಾತು ನಾಲಗೆಗೆ ಸಪ್ಪೆಯಾಗುತ್ತಿತ್ತು. ಎದುರಿಗಿದ್ದ ನೋರಾ ಎಲ್ಲಿ ನಗಬೇಕೋ ಅಲ್ಲಿ ನಗದೆ, ಬೇರೆಲ್ಲೋ ನಕ್ಕಳು. ನಡುನಡುವೆ ಎದ್ದು ಕಿಟಕಿಯಿಂದ ಮಕ್ಕಳನ್ನು ನೋಡಿ ಬಂದಳು. ಆ ತಂದೆಯ ಮಾತು ಬಂದಾಗ, "ಅಯ್ಯೋ ಪಾಪ" ಎಂದಳು, ಮನಸ್ಸಿನಿಂದಲೇ ಅಂದಳು. ಆದರೂ ಬೆರ್ತಿಲ್ದಾಳಿಗೆ ಅಪರಿಚಿತರ ಮುಂದೆ ಕೂತಂತಾಯಿತು.

ಮೂರು ಗಂಟೆಗೆ ನೋರಾ ಕುರ್ಚಿಯಲ್ಲೇ ತೂಕಡಿಸತೊಡಗಿದಳು. ಬೆಳಗ್ಗೆ ನಾಲ್ಕಕ್ಕೆ ಎದ್ದವಳು. ಬೆರ್ತಿಲ್ದಾ ಲೋಟಗಳನ್ನು ತೊಳೆದು ಬೋರಲು ಹಾಕಿ, ಜಾರಿದ ರುವಾನಾವನ್ನು ಅವಳ ಭುಜಕ್ಕೆ ಹೊದಿಸಿ, ಎಬ್ಬಿಸದೆ ಹೊರಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದಲ್ಲಿ ಕೂತ ಹೆಂಗಸು ಯಾವ ಊರು ಎಂದು ಕೇಳಿದಳು. ದುಯಿತಾಮಾ ಎಂದಳು ಬೆರ್ತಿಲ್ದಾ. ಅಲ್ಲೇನು ಕೆಲಸ ಎಂದು ಹೆಂಗಸು ಕೇಳಿದಳು. ಸೈಕಲ್ಲಿಗೆ ಹೆಸರು ಬರೀತೀನಿ ಎಂದಳು. ಹೆಂಗಸು "ಓ" ಎಂದು ಸುಮ್ಮನಾದಳು. ಉಳಿದ ದಾರಿಯೆಲ್ಲ ಇಬ್ಬರೂ ಹೊರಗೆ ನೋಡುತ್ತ ಕೂತರು. ಗುಡ್ಡ ಇಳಿಯುತ್ತಿದ್ದ ಭಾನುವಾರದ ಸವಾರರು ಒಬ್ಬೊಬ್ಬರಾಗಿ ಬಸ್ಸನ್ನು ದಾಟಿಕೊಂಡು ಮುಂದೆ ಹೋಗುತ್ತಿದ್ದರು.